ಬೊಂಬೆ ಮೆಟ್ಟಿಲ ಮೇಲೆ ಸುಖೋಯ್

ನಿಮ್ಮ ಮನೆಯ ಬೊಂಬೆ ಹಬ್ಬದಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಯಾರು ಕೂರುತ್ತಾರೆ? ಶೆಟ್ಟಿ ಅಂಗಡಿ? ಮದುವೆ ದಿಬ್ಬಣ? ನಮ್ಮ ಮನೆಯಲ್ಲಿ ಸುಖೋಯ್-30 ಫೈಟರ್ ಜೆಟ್ ಕೂರುತ್ತದೆ. ರೆಕ್ಕೆಗಳ ಕೆಳಗೆ ಮಿಸೈಲುಗಳ ಸಮೇತ. (ಕೂರಿಸಿದ್ದು ನಾನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.)

ನಾನು ಮೈಸೂರಿನವಳು. ಕೆನಡಾದ ಪಿಕರಿಂಗ್‌ನ ಈ ಟೌನ್‌ಹೌಸಿನಲ್ಲೂ ನವರಾತ್ರಿಗೆ ಮೆಟ್ಟಿಲು ಕಟ್ಟದಿದ್ದರೆ ನನಗೆ ಸಮಾಧಾನವಿಲ್ಲ. ಇವರು ಬೆಳಗಾವಿಯವರು. ಇವರಿಗೆ ಬೊಂಬೆ ಗೊತ್ತಿಲ್ಲ, ಖಂಡೇನವಮಿ ಗೊತ್ತು. ಅವತ್ತು ಆಯುಧಪೂಜೆ. ಏರ್‌ಫೋರ್ಸಿನಲ್ಲಿ ಸುಖೋಯ್ ವಿಮಾನಗಳ ಟೆಕ್ನಿಷಿಯನ್ ಆಗಿದ್ದವರು ಇವರು. ರಿಟೈರ್ ಆದ ದಿನ ಜೊತೆಯವರೆಲ್ಲ ಸೇರಿ ಮೊಳದುದ್ದದ ಒಂದು ಮಾಡೆಲ್ ಕೊಟ್ಟರು. ಕೆನಡಾಕ್ಕೆ ಬರುವಾಗ ನನ್ನ ಒರಳು ಸೂಟ್‌ಕೇಸಿನಿಂದ ಹೊರಬಿತ್ತು. ವಿಮಾನ ವಿಮಾನ ಹತ್ತಿತು.

ಮನೆಗೆ ಯಾರೇ ಬರಲಿ, ಇವರ ಪಾಠ ಶುರು. ‘ಇದರ ಎಂಜಿನ್ನಿನ ಬಾಯಿನ ಅತ್ತಾಗ ಇತ್ತಾಗ ಹೊಳ್ಳತೈತ್ರಿ. ಆಕಾಶದಾಗ ಬುಗುರಿಗತೆ ತಿರಗತೈತಿ. ಹೊಟ್ಟಿ ಕೆಳಗ ಬ್ರಹ್ಮೋಸ್ ಹೊತ್ಕೊಂಡು ಹಾರತೈತಿ. ಪಿಕರಿಂಗ್‌ನಾಗ ಬಿಟ್ರ ಇನ್ನೂರ ಕಿಲೋಮೀಟರ್ ಆಚೆ ಇರೋ ಕಿಂಗ್‌ಸ್ಟನ್ ದಾಟಿ ಹೋಗತೈತಿ ನೋಡ್ರಿ.’ ಅಲ್ಲಿಂದ ಮಾತು ರಷ್ಯಾದ ಹೊಸ ಮಿಸೈಲುಗಳಿಗೆ ಹೊರಳುತ್ತದೆ. ಕಣ್ಣಿಗೇ ಕಾಣದ ಶತ್ರುವಿಮಾನವನ್ನು ನೂರಾರು ಕಿಲೋಮೀಟರ್ ಆಚೆಯಿಂದ ಹೇಗೆ ಹೊಡೆಯುತ್ತವೆ ಎಂದು ಚಪಾತಿ ಕೈಯಲ್ಲಿ ಹಿಡಿದೇ ವಿವರಿಸುತ್ತಾರೆ. ‘ರೀ, ಸ್ವಲ್ಪ ಮೆಲ್ಲಗೆ. ನ್ಯೂಕ್ಲಿಯರ್ ಪ್ಲಾಂಟ್ ಇರೋ ಊರಲ್ಲಿ ಕೂತು ಏನು ಮಾತು ಇದು?’ ಅಂತ ನಾನು. ಯಾರು ಕೇಳಬೇಕು?

ಕೇಳದಿದ್ದರೂ ಬೈಯಲು ಮನಸ್ಸು ಬರುವುದಿಲ್ಲ. ಸುಖೋಯ್ ಎಂಜಿನ್ ಬಿಚ್ಚಿ ಜೋಡಿಸಿದ ಈ ಮನುಷ್ಯನನ್ನು ಇಲ್ಲಿನ ಇಂಟರ್‌ವ್ಯೂಗಳಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಈಗ ಬೋಲ್ಟನ್‌ನ ವೇರ್‌ಹೌಸೊಂದರಲ್ಲಿ ಕನ್ವೇಯರ್ ಬೆಲ್ಟು ರಿಪೇರಿ. ಮರ್ಯಾದೆಯ ಕೆಲಸವೇ. ಆದರೆ ಬೆಲ್ಟಿನ ಮಾಡೆಲ್ಲನ್ನು ಯಾರೂ ಶೋಕೇಸಿನಲ್ಲಿ ಇಡುವುದಿಲ್ಲವಲ್ಲ.

ಇಷ್ಟು ವರ್ಷ ಸುಖೋಯ್ ನಿಶ್ಚಿಂತೆಯಿಂದ ಕೂತಿತ್ತು. ಈ ಸಲ ತೊಂದರೆ ಬಂತು. ವಸಂತದಲ್ಲಿ ಪಕ್ಕದ ಮನೆಗೆ ಉಕ್ರೇನಿನ ಒಕ್ಸಾನಾ ಮತ್ತು ಅವಳ ತಾಯಿ ಹಲೀನಾ ಬಾಡಿಗೆಗೆ ಬಂದರು. ಖಾರ್ಕಿವ್‌ನಲ್ಲಿ ಮನೆ ಕಳೆದುಕೊಂಡು ಬಂದವರು. ನಾಲ್ಕು ದಿನಕ್ಕೊಮ್ಮೆ ಬೀಟ್‌ರೂಟ್ ಸೂಪ್ ಬೇಲಿಯ ಈ ಕಡೆಗೆ ಬರುತ್ತದೆ, ನಮ್ಮ ಚಿತ್ರಾನ್ನ ಆ ಕಡೆಗೆ ಹೋಗುತ್ತದೆ. ಈ ದೇಶದಲ್ಲಿ ಫೋನ್ ಮಾಡದೆ ಬಾಗಿಲು ತಟ್ಟುವ ಸಲಿಗೆ ನನಗೆ ಸಿಕ್ಕಿರುವುದು ಆ ಒಂದೇ ಮನೆಯಲ್ಲಿ. ಅವರನ್ನು ಆಯುಧಪೂಜೆಯ ಸಂಜೆ ಬೊಂಬೆ ನೋಡಲು ಕರೆದಿದ್ದೆ.

ಕರೆದ ಮೇಲೆ ಸುಖೋಯ್ ನೆನಪಾಯಿತು. ಅವರ ಊರಿನ ಮೇಲೆ ಬಾಂಬು ಹಾಕಿದ್ದು ಯಾವ ವಿಮಾನಗಳು? ರಷ್ಯಾದ ಸುಖೋಯ್‌ಗಳೇ ಅಲ್ಲವೇ? ಅವರೆದುರು ಅದೇ ಕುಲದ ವಿಮಾನಕ್ಕೆ ಕುಂಕುಮ ಇಟ್ಟು ಆರತಿ ಎತ್ತುವುದೇ?

ಪಾಂಡವರು ಆಯುಧಗಳನ್ನು ಬನ್ನಿಮರದಲ್ಲಿ ಅಡಗಿಸಿಟ್ಟರು. ನಾನು ಬೆಳಿಗ್ಗೆಯೇ ಸುಖೋಯನ್ನು ಹಳೇ ಸೀರೆಯಲ್ಲಿ ಸುತ್ತಿ ಬೇಸ್‌ಮೆಂಟಿನಲ್ಲಿ ಡ್ರೈಯರಿನ ಹಿಂದೆ ಇಟ್ಟೆ. ಶಿಫ್ಟು ಮುಗಿಸಿ ಬಂದ ಇವರು ಖಾಲಿ ಮೆಟ್ಟಿಲು ನೋಡಿದರು. ವಿಷಯ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ.

‘ನಾ ಏನ್ ತಪ್ಪು ಮಾಡೇನಿ, ಸುಮಾ?’ ಅಂದರು. ‘ನಮ್ಮ ವಿಮಾನ ನಮ್ಮ ಗಡಿ ಕಾಯ್ದೈತಿ. ಅದನ್ನ ನಾ ಕೈಯಾರೆ ತಯಾರ ಮಾಡಿ ಕಳಿಸೇನಿ. ಇವತ್ತಿನ ದಿನಾನೂ ಅದನ್ನ ಮುಚ್ಚಿಡಂದ್ರ, ನನ್ನ ಎಲ್ಲಿ ಮುಚ್ಚಿಡತಿ?’

ನಾನು ಅಡುಗೆಮನೆಗೆ ಹೋಗಿ ಕಡಲೆ ಉಸಲಿಗೆ ಒಗ್ಗರಣೆ ಹಾಕುತ್ತ ನಿಂತೆ.

ಬೆಲ್ಲು ಹೊಡೆದಾಗ ಹೊರಗೆ ಬಂದು ನೋಡುತ್ತೇನೆ, ಸುಖೋಯ್ ಮೆಟ್ಟಿಲ ಮೇಲಿದೆ! ಮೂತಿಗೆ ಕುಂಕುಮ, ಬಾಲಕ್ಕೆ ಸೇವಂತಿಗೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಇವರು, ಪೆರೇಡಿಗೆ ನಿಂತ ಹಾಗೆ. ಎತ್ತಿಡಲು ಸಮಯವಿರಲಿಲ್ಲ. ಒಕ್ಸಾನಾ ಆಗಲೇ ಒಳಗೆ ಬಂದಾಗಿತ್ತು.

ಅವಳು ರಾಜ-ರಾಣಿ ನೋಡಿದಳು, ನಕ್ಕಳು. ದಶಾವತಾರ ನೋಡಿದಳು. ಕಣ್ಣು ಕೆಳಗಿಳಿಯಿತು. ನಗು ಅಲ್ಲಿಗೇ ನಿಂತಿತು.

‘ಈ ಬಾಲ ನನಗೆ ಗೊತ್ತು’ ಅಂದಳು ಇಂಗ್ಲಿಷಿನಲ್ಲಿ. ‘ಇದರ ಸದ್ದು ಕೇಳಿದರೆ ನಾವು ನೆಲಮಾಳಿಗೆಗೆ ಓಡುತ್ತಿದ್ದೆವು.’

ನಾನು ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಲಿಲ್ಲ, ಎದೆಯುಬ್ಬಿಸಲೂ ಇಲ್ಲ. ‘ಇದು ಇಂಡಿಯಾದ್ದು’ ಅಂದರು. ‘ನಮ್ಮಲ್ಲೇ ಜೋಡಿಸಿದ್ದು. ಇದನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನಿಮಗೆ ನೋವಾಗಿದ್ದರೆ ಈಗಲೇ ಒಳಗಿಡುತ್ತೇನೆ. ಆದರೆ ಇದು ನನ್ನದಲ್ಲ ಅಂತ ಮಾತ್ರ ಹೇಳಲಾರೆ.’

ಒಕ್ಸಾನಾ ವಿಮಾನಕ್ಕೆ ಬೆನ್ನು ತಿರುಗಿಸಿದಳು. ಬೇಲಿಯಾಚೆಯ ಸೂಪು ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹಲೀನಾ ಅಜ್ಜಿ ಮುಂದೆ ಬಂದರು. ಇಂಗ್ಲಿಷ್ ಬಾರದ, ಹೆಚ್ಚು ಮಾತೇ ಆಡದ ಹೆಂಗಸು. ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತರು. ವಿಮಾನದ ಕಡೆಗಲ್ಲ, ಬಲರೆಕ್ಕೆಯ ಕೆಳಗೆ ತೂಗುತ್ತಿದ್ದ ಒಂದು ಮಿಸೈಲಿನ ಕಡೆಗೆ ಬೆರಳು ಚಾಚಿದರು. ನಡುವಿನಲ್ಲಿ ನಾಲ್ಕು ರೆಕ್ಕೆ, ಬುಡದಲ್ಲಿ ಸಣ್ಣ, ತುದಿಯಲ್ಲಿ ಅಗಲ, ಚಿಟ್ಟೆಯ ಹಾಗೆ. ಮಗಳ ಕಡೆ ತಿರುಗಿ ಏನೋ ಹೇಳಿದರು.

ಒಕ್ಸಾನಾ ಅನುವಾದ ಮಾಡಿದಳು: ‘ಇದು ಅಮ್ಮನದು.’

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಇವರಿಗೆ ಹಿಡಿಯಲಿಲ್ಲ. ‘ಆರ್-27! ಕೀವ್‌ನಾಗ ಮಾಡ್ತಿದ್ರು!’ ಅಂದರು ನನಗೆ, ಪಕ್ಕಾ ಬೆಳಗಾವಿ ಕನ್ನಡದಲ್ಲಿ. ಹೌದಂತೆ. ಮದುವೆಗೆ ಮೊದಲೂ ಆಮೇಲೂ, ಖಾರ್ಕಿವ್‌ಗೆ ಹೋಗುವವರೆಗೆ, ಹಲೀನಾ ದುಡಿದದ್ದು ಕೀವ್‌ನ ಆ ಫ್ಯಾಕ್ಟರಿಯಲ್ಲಿ. ಈ ಮಿಸೈಲನ್ನು ಜೋಡಿಸುವ ಸಾಲಿನಲ್ಲಿ. ಅದು ಬಹುದೂರ ಹೋಗುವ ಮಿಸೈಲು, ಬಹಳಷ್ಟು ಭಾರತಕ್ಕೆ ಹೋಯಿತು ಅಂತ ಕೇಳಿದ್ದರಂತೆ. ಎಲ್ಲಿಗೆ, ಯಾರ ಕೈಗೆ, ಗೊತ್ತಿರಲಿಲ್ಲ.

ಗೊತ್ತಾಗಿದ್ದು ಪಿಕರಿಂಗ್‌ನಲ್ಲಿ, ನನ್ನ ಬೊಂಬೆ ಮೆಟ್ಟಿಲ ಮುಂದೆ.

ಅಜ್ಜಿ ಇವರನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದರು. ಒಕ್ಸಾನಾ ಹೇಳಿದಳು: ‘ಚೆನ್ನಾಗಿ ಕೆಲಸ ಮಾಡಿತಾ ಅಂತ ಕೇಳುತ್ತಿದ್ದಾಳೆ.’

ಇವರ ಕಣ್ಣು ತುಂಬಿಬಂತು. ‘ನನ್ನ ಕೈಯಿಂದ ಹೋದದ್ದು ಪ್ರಾಕ್ಟೀಸಿಗೆ ಮಾತ್ರ’ ಅಂದರು. ‘ಯಾರನ್ನೂ ಕೊಂದಿಲ್ಲ. ಗುರಿ ಒಮ್ಮೆಯೂ ತಪ್ಪಿಲ್ಲ ಅಂತ ಹೇಳಿ ನಿಮ್ಮ ತಾಯಿಗೆ.’

ಅದನ್ನು ಕೇಳಿ ಹಲೀನಾ ಅಜ್ಜಿಯ ಮುಖದಲ್ಲಿ ಬಂದ ಕಳೆಯನ್ನು ನಾನು ಮರೆಯಲಾರೆ. ಮನೆ ಹೋಗಿದೆ, ಊರು ಬಿಟ್ಟಾಗಿದೆ, ಇಲ್ಲಿ ಆಕೆ ಯಾರಿಗೂ ಯಾರೂ ಅಲ್ಲ. ಆದರೆ ಆಕೆ ಮಾಡಿದ ಕೆಲಸ ಕೆಡಲಿಲ್ಲ ಎಂದು ಹೇಳಬಲ್ಲ ಒಬ್ಬ ಮನುಷ್ಯ ಪಕ್ಕದ ಮನೆಯಲ್ಲೇ ಇದ್ದಾನೆ. ಈ ಊರಿನಲ್ಲಿ ಇವರಿಬ್ಬರನ್ನೂ ಆ ಪ್ರಶ್ನೆ ಇನ್ಯಾರು ಕೇಳಿದ್ದರು? ಸತ್ಯ ಹೇಳುತ್ತೇನೆ, ನನ್ನ ಗಂಡನ ಬಗ್ಗೆ ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. (ಇದನ್ನು ಅವರಿಗೆ ಹೇಳಿಲ್ಲ. ಹೇಳಿದರೆ ಪಾಠ ಇನ್ನೂ ಉದ್ದವಾಗುತ್ತದೆ.)

ಒಕ್ಸಾನಾ ಮಾತ್ರ ಕೊನೆಯವರೆಗೂ ವಿಮಾನಕ್ಕೆ ಬೆನ್ನು ಮಾಡಿಯೇ ಕೂತಿದ್ದಳು. ಅದು ಅವಳ ಹಕ್ಕು. ಉಸಲಿಯನ್ನಂತೂ ಎರಡು ಸಲ ಹಾಕಿಸಿಕೊಂಡಳು.

ಹೊರಡುವಾಗ ಇವರು ಬಗ್ಗಿ ಆ ಮಿಸೈಲನ್ನು ರೆಕ್ಕೆಯಿಂದ ಕಳಚಿದರು. ವಿಮಾನದ ಧೂಳು ಒರೆಸಲು ನನಗೂ ಬಿಡದವರು! ಎಲೆ-ಅಡಿಕೆ, ಬಳೆ, ಬಾಳೆಹಣ್ಣಿನ ಜೊತೆ ಅದನ್ನೂ ತಟ್ಟೆಯಲ್ಲಿಟ್ಟು ಹಲೀನಾ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಬಳೆಯನ್ನು ಮಗಳಿಗೆ ದಾಟಿಸಿ, ಮಿಸೈಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದರು.

ಮರುದಿನ ವಿಜಯದಶಮಿಗೆ ಓಕ್‌ವಿಲ್‌ನಿಂದ ಸ್ನೇಹಿತರು ಬಂದರು. ಇವರ ಪಾಠ ಕೇಳಿ ಕೇಳಿ ಅರ್ಧ ಪೈಲಟ್ ಆಗಿರುವವರು. ಬಂದವರೇ ಬೋಳಾದ ರೆಕ್ಕೆ ನೋಡಿ, ‘ಏನ್ ಸಾರ್, ಒಂದು ಮಿಸೈಲ್ ಮಿಸ್ಸಿಂಗು?’ ಅಂದರು.

ಇವರು ಮೀಸೆ ತಿರುವಿದರು.

‘ತವರಮನಿಗೆ ಹೋಗೇತ್ರಿ. ಹಬ್ಬ ಅಲ್ಲೇನು?’