ಹರಿಯಬೇಕಾಗಿದ್ದ ಹಗ್ಗ

ಐನಾಪುರದ ನಮ್ಮ ಲಗಮಣ್ಣಕಾಕಾ ಹೊಸೆದ ಹಗ್ಗ ಹರಿದದ್ದನ್ನು ಕಂಡವರಿಲ್ಲ. ಹಾಗಂತ ಊರಿಗೆಲ್ಲ ಸಾರುವವನೂ ಅವನೇ. ಪುಂಡಿನಾರಿನ ಹಗ್ಗ ಕೈತುಂಬ ಸಿಗಬೇಕು, ಇಲ್ಲದಿದ್ದರೆ ಅದು ದಾರ ಅನ್ನುತ್ತಾನೆ. ಎತ್ತು ಕಟ್ಟಲು ಈ ಅಳತೆ ಸರಿಯೇ.

ಕೃಷ್ಣಾ ಹೊಳೆಯ ದೋಣಿಕಾರ ಜ್ಞಾನದೇವ ಡೀಸೆಲ್ ಉಳಿಸಲು ಗಾಳಿ ಇದ್ದ ದಿನ ಹಾಯಿ ಕಟ್ಟುತ್ತಾನೆ. ಹಾಯಿ ಏರಿಸಿ ಇಳಿಸುವ ಹಗ್ಗ ಸವೆದಿತ್ತು. ಬೆರಳುಗಾತ್ರದ್ದು ಸಾಕು ಎಂದ. ಕಾಕಾನಿಗೆ ಸಿಟ್ಟು ಬಂತು.

"ಹೊಳ್ಯಾಗ ಮಂದಿ ಜೀವ ಇರತಾವಲೇ. ದಾರ ಕಟ್ಟತೀಯೇನು?"

ಹಾಯಿಕಂಬದ ತುದಿಯ ರಾಟೆಯ ಗಾಲಿಯಲ್ಲಿ ಸರಿಯಾಗಿ ತೂರುವಷ್ಟು ದಪ್ಪ ಹೊಸೆದುಕೊಟ್ಟ. ಒಣಹಗ್ಗ ಸರಾಗವಾಗಿ ಓಡಿತು.

ಮರುದಿನ ಕಾಕಾನ ಹೆಂಡತಿ ಚನ್ನವ್ವಕಾಕಿ ಆಚೆ ದಂಡೆಯಿಂದ ಮೇವು ಕೊಯ್ದು ಅದೇ ದೋಣಿಯಲ್ಲಿ ಬರುತ್ತಿದ್ದಳು. ನಡುಹೊಳೆಯಲ್ಲಿ ಬಿರುಗಾಳಿ ಎದ್ದಿತು. ಜ್ಞಾನದೇವ ಹಾಯಿ ಇಳಿಸಲು ಹೋದರೆ ಅದು ಅರ್ಧಕ್ಕೇ ನಿಂತಿತು. ದೋಣಿಯ ತಳದ ನೀರಲ್ಲಿ ಬಿದ್ದಿದ್ದ ಹಗ್ಗದ ಸುರುಳಿ ನೆನೆದು ಉಬ್ಬಿ, ಗಾಲಿಗೆ ಸಿಕ್ಕಿಕೊಂಡಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿತು.

ದಂಡೆಯಲ್ಲಿದ್ದ ಕಾಕಾನಿಗೆ ನೋಡಿದ ಕೂಡಲೇ ತಿಳಿಯಿತು. ನೆನೆದ ಪುಂಡಿ ಉಬ್ಬುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಎತ್ತಿನ ಕೊರಳಲ್ಲಿ ಗಾಲಿ ಇರುವುದಿಲ್ಲವಲ್ಲ, ಯೋಚಿಸಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ದೇವರಿಗೆ ಕೈಮುಗಿದು ಬೇಡಿದ, "ನನ್ನ ಹಗ್ಗ ಹರೀಲಪ್ಪ."

ದೇವರು ಕೇಳಿಸಿಕೊಂಡನೋ ಇಲ್ಲವೋ, ಕಾಕಿ ಮೇವಿನ ಹೊರೆಯ ಮೇಲೆ ಹತ್ತಿ, ಹಾಯಿಯ ನೆತ್ತಿಗೆ ಬಿಗಿದ ಹಗ್ಗದ ಮೇಲೆ ಕುಡಗೋಲು ಆಡಿಸತೊಡಗಿದಳು. ಎಷ್ಟು ಕೊಯ್ದರೂ ಹಗ್ಗ ಜಪ್ಪಯ್ಯ ಅನ್ನಲಿಲ್ಲ. ಕಾಕಾ ತನ್ನ ಕೈಗಳನ್ನು ತಾನೇ ಬೈದುಕೊಂಡ. ಕೊನೆಗೆ ಹಾಯಿ ಧೊಪ್ಪನೆ ಬಿತ್ತು, ದೋಣಿ ನೆಟ್ಟಗಾಯಿತು. ಅವನು ಕೆಸರಲ್ಲೇ ಕುಸಿದು ಕೂತು ಹಗುರಾಗುವಷ್ಟು ಅತ್ತ.

ದಂಡೆಗೆ ಇಳಿದ ಕಾಕಿ ಅಂಗೈಯ ಬೊಬ್ಬೆ ತೋರಿಸಿದಳು. "ಎಂಥಾ ಗಟ್ಟಿ ಹೊಸೆದೀರಿ. ಕೈ ಬಿದ್ದುಹೋದುವು ನೋಡ್ರಿ."

ಊರಿನವರು ಹೊಗಳಿದಾಗ ಎದೆಯುಬ್ಬಿಸುತ್ತಿದ್ದವನು ಆ ಮಾತಿಗೆ ತಲೆ ತಗ್ಗಿಸಿದ.

ಮರುದಿನ ಅಥಣಿಗೆ ಹೋಗಿ ಬೆರಳುಗಾತ್ರದ ನೈಲಾನ್ ಹಗ್ಗ ಆರಿಸಿದ. ಅಂಗಡಿಯವನ ಬಕೆಟ್ಟಿನಲ್ಲೇ ಅದ್ದಿ, ಉಬ್ಬುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಜ್ಞಾನದೇವ ಅದನ್ನು ಗಾಲಿಗೆ ಪೋಣಿಸಿದ ಮೇಲೆ ಕಾಕಾ ತಾನೇ ಸುರುಳಿಯನ್ನು ಹೊಳೆಯಲ್ಲಿ ತೋಯಿಸಿ, ಹಾಯಿಯನ್ನು ಇಪ್ಪತ್ತು ಸಲ ಏರಿಸಿ ಇಳಿಸಿದ. ಆಮೇಲೆ ಹೆಂಡತಿಗೆ, "ಈಗ ದೋಣಿ ಹತ್ತು ಬೇ," ಎಂದ.