ಹ್ಯಾಮಿಲ್ಟನ್‌ನ ಬಾಗಿಲಿಗೆ ವಿಜಯನಗರದ ಖಾನಾವಳಿ

ಬೆಳಗಿನ ಐದೂಮುಕ್ಕಾಲು. ವಿಜಯನಗರದ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯ ತಮ್ಮ ಖಾನಾವಳಿಯಲ್ಲಿ ಕಲಾವತಿ ರೊಟ್ಟಿ ಬಡಿಯುತ್ತಿದ್ದಾರೆ. ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಕೆನಡಾ ಕಾಣುತ್ತಿದೆ. ಅಲ್ಲಿ ಇನ್ನೂ ನಿನ್ನೆಯ ಸಂಜೆ. ಈ ಖಾನಾವಳಿಯಲ್ಲಿ ಎರಡು ವರ್ಷ ಉಂಡು, ಈಗ ಬ್ರಾಂಪ್ಟನ್ ಊರಿನ ಗೋದಾಮೊಂದರಲ್ಲಿ ದುಡಿಯುವ ಫಕೀರೇಶ, ಪಕ್ಕದ ಹ್ಯಾಮಿಲ್ಟನ್ ನಗರದ ಬೀದಿಯೊಂದರಲ್ಲಿ ಮನೆ ನಂಬರು ಹುಡುಕುತ್ತಾ ನಡೆಯುತ್ತಿದ್ದಾನೆ.

"ಕಾಕೂ, ಕೆಲಸಾ ಮುಗಿಸಿ ಸೀದಾ ಬಸ್ ಹತ್ತಿ ಬಂದೀನಿ. ಹೊಟ್ಟಿ ಹಸದೈತಿ. ರೊಟ್ಟಿ ತೋರಿಸಿ ಹೊಟ್ಟಿ ಉರಸಬ್ಯಾಡ್ರಿ."

"ಬಾಯಿ ಮುಚಗೊಂಡು ನಂಬರ್ ನೋಡಲೇ. ಉಣ್ಣೂದು ಇದ್ದದ್ದ."

ಒಲೆಯ ಪಕ್ಕ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ತಾಯಿ, ಮಗಳು ಕೂತಿದ್ದಾರೆ. ಕೆಂಗೇರಿ ಉಪನಗರದಿಂದ ಮೊದಲ ಮೆಟ್ರೋ ಹಿಡಿದು ಬಂದವರು. ಮಗಳು ರಮ್ಯಶ್ರೀಗೆ ಹ್ಯಾಮಿಲ್ಟನ್‌ನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಭಾನುವಾರ ವಿಮಾನ. ರೂಮು ಸಿಕ್ಕಿದ್ದು ವಾಟ್ಸ್ಯಾಪ್‌ನ ಕನ್ನಡಿಗರ ಗುಂಪಿನಲ್ಲಿ. ಮಾಲೀಕನೆಂದು ಹೇಳಿಕೊಂಡವನು ಮನೆಯ ವಿಡಿಯೊ ಕಳಿಸಿದ್ದಾನೆ. ಬೆಳಗ್ಗೆ ಏಳರೊಳಗೆ ಅಡ್ವಾನ್ಸ್ ಹಾಕದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದಾನೆ. ಆ ದುಡ್ಡು ತಾಯಿ ವಿಮಲಮ್ಮ ಚೀಟಿ ಎತ್ತಿ ತಂದದ್ದು. ಅದು ಹೋದರೆ ಇನ್ನೊಮ್ಮೆ ಹೊಂದಿಸಲು ಅವರ ಬಳಿ ದಾರಿಯಿಲ್ಲ.

"ಅವ್ರು ನಾಗರಬಾವಿ ಕಡೆಯೋರಂತೆ ಕಣಮ್ಮಾ. ನನ್ನ ಅಮ್ಮಾ ಅಂತಾನೇ ಮಾತಾಡಿಸ್ತಾರೆ. ನಮ್ಮೋರೇ ನಮಗೆ ಮೋಸ ಮಾಡ್ತಾರಾ?" ಎನ್ನುತ್ತಾರೆ ವಿಮಲಮ್ಮ.

"ನಮ್ಮವ್ರಾದ್ರ ಬಾಗಲಾ ತಗೀಲಿ ಬಿಡ್ರಿ" ಎನ್ನುತ್ತಾರೆ ಕಲಾವತಿ, ತವದ ಮೇಲಿನ ರೊಟ್ಟಿ ಮಗುಚುತ್ತಾ.

ದಿನಕ್ಕೆ ಮುನ್ನೂರು ಜೋಳದ ರೊಟ್ಟಿ, ಎರಡು ಹೊತ್ತು ಪಲ್ಯ, ಸಾರು. ಇದು ಕಲಾವತಿಯವರ ಕೆಲಸ. ಉಣ್ಣುವವರಲ್ಲಿ ಹೆಚ್ಚಿನವರು ಕೋಚಿಂಗ್‌ಗೆಂದು ಬಂದ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು. ಅವರಲ್ಲಿ ಕೆಲವರು ಓದಲು ಹೊರದೇಶಕ್ಕೆ ಹೋಗಿದ್ದಾರೆ. ಹೊಸದಾಗಿ ಹೋಗುವವರು ಫೋನಿನಲ್ಲಿ ಮನೆ ಹಿಡಿದಾಗ, ಹಳಬರಲ್ಲಿ ಒಬ್ಬರನ್ನು ಆ ಮನೆಯ ಬಾಗಿಲಿಗೆ ಕಳಿಸುವುದು ಅವರ ಎರಡನೆಯ ಕೆಲಸ. ಕರಾರುಪತ್ರ ಓದಲು ಅವರಿಗೆ ಬರುವುದಿಲ್ಲ. ಹ್ಯಾಮಿಲ್ಟನ್ ನಕ್ಷೆಯಲ್ಲಿ ಎಲ್ಲಿದೆಯೆಂದೂ ಗೊತ್ತಿಲ್ಲ. ಯಾರಿಗೆ ಫೋನ್ ಮಾಡಿ ಬೈದರೆ ಎದ್ದು ಹೋಗುತ್ತಾರೆ ಎಂಬುದಷ್ಟೇ ಗೊತ್ತು.

ಇದು ಧರ್ಮದ ಸೇವೆಯಲ್ಲ. ಒಂದು ತಿಂಗಳ ಊಟದ ಪಾಸ್ ಕೊಳ್ಳಬೇಕು.

"ನಾನು ಭಾನುವಾರ ಹೋಗ್ತಾ ಇದೀನಲ್ಲ ಆಂಟಿ?" ಎಂದು ರಮ್ಯಶ್ರೀ ಚೌಕಾಸಿ ಮಾಡಿದ್ದಳು.

"ನಿಮ್ಮವ್ವ ಉಣ್ಲಿ. ಬರೇ ಮುದ್ದಿ ತಿಂದು ತಿಂದು ಸಾಕಾಗಿರತೈತಿ."

ಬಾಗಿಲಿಗೇ ಜನ ಕಳಿಸುವ ಈ ಹಟ ಹುಟ್ಟಿದ್ದು ಇದೇ ವಿಜಯನಗರದಲ್ಲಿ. ರೋಣದ ಕಡೆಯ ಹಳ್ಳಿಯಿಂದ ಗಂಡನ ಜೊತೆ ಬಂದ ವರ್ಷ, ದಲ್ಲಾಳಿಯೊಬ್ಬ ಮನೆ ತೋರಿಸಿ ಅಡ್ವಾನ್ಸ್ ಪಡೆದಿದ್ದ. ಟೆಂಪೊದಲ್ಲಿ ಸಾಮಾನು ತಂದರೆ ಆ ಮನೆ ಮುಂದೆ ಆಗಲೇ ಇನ್ನೊಂದು ಟೆಂಪೊ ನಿಂತಿತ್ತು. "ಬಾಜೂ ಮನಿಯಾಕಿ ಹೊರಗ ಬಂದು, ನೀವು ಮೂರನೇದವ್ರು ಅಂದ್ಲು. ಆಕಿನ್ನ ಮೊದಲ ಕೇಳಿದ್ರ ಒಂದು ಮಾತಿನಾಗ ಮುಗೀತಿತ್ತು. ಮನಿ ನೋಡಿದ್ವಿ, ಗ್ವಾಡಿ ನೋಡಿದ್ವಿ, ಮಂದೀನ ಕೇಳಲಿಲ್ಲ" ಎನ್ನುತ್ತಾರೆ.

ಎಲ್ಲ ಸಲವೂ ಇದು ನೆಟ್ಟಗಾಗುವುದಿಲ್ಲ. ಕೆಲವರು ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಒಮ್ಮೆ ನಿಜವಾದ ಮಾಲೀಕನೇ ತನ್ನ ಮೇಲೆ ಅನುಮಾನ ಪಟ್ಟರೆಂದು ಸಿಟ್ಟಾಗಿ ರೂಮನ್ನು ಬೇರೆಯವರಿಗೆ ಕೊಟ್ಟ. ಕಳೆದುಕೊಂಡ ಹುಡುಗ ಅಲ್ಲಿಂದಲೇ ಬೈದ. "ಬೈಲಿ ಬಿಡ್ರಿ. ಬೈಯಾಕರ ಫೋನ್ ಮಾಡಿದ್ನಲ್ಲ."

ಫೋನಿನಲ್ಲಿ ಆ ಮನೆಯ ಕರೆಗಂಟೆ ಕೇಳಿಸುತ್ತದೆ. ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ. ನರೆಗೂದಲಿನ ಹೆಂಗಸೊಬ್ಬಳು ಬಾಗಿಲು ತೆರೆಯುತ್ತಾಳೆ. ಫಕೀರೇಶ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾನೆ, ವಿಡಿಯೊ ತೋರಿಸುತ್ತಾನೆ. ಆಕೆ ಇಲ್ಲವೆಂದು ತಲೆಯಾಡಿಸಿ, ಒಂದೆರಡು ಮಾತು ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ.

"ಕಾಕೂ, ಮನಿ ಖರೇನ ಐತಿ. ಆದ್ರ ಈಕೀದು. ಹೋದ ವರ್ಷ ತಗೊಂಡಾಳಂತ. ಆ ವಿಡಿಯೊ ಆವಾಗ ಮಾರಾಟಕ್ಕಂತ ಹಾಕಿದ್ದು. ಬಾಡಿಗಿ ಗೀಡಿಗಿ ಏನಿಲ್ಲ."

ರಮ್ಯಶ್ರೀ ನಂಬಲು ಸಿದ್ಧಳಿಲ್ಲ. 'ಅಣ್ಣ, ನಮ್ಮವರೊಬ್ಬರು ಬಾಗಿಲಲ್ಲಿದ್ದಾರೆ' ಎಂದು ಮಾಲೀಕನೆಂದುಕೊಂಡವನಿಗೆ ಮೆಸೇಜ್ ಹಾಕುತ್ತಾಳೆ. ತಕ್ಷಣ ಕರೆ ಬರುತ್ತದೆ. "ಯಾರ್ನ ಕೇಳಿ ಕಳಿಸಿದ್ರಿ?" ಎಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಗದರಿ ಅವನು ಫೋನ್ ಇಡುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಪ್ರೊಫೈಲ್ ಫೋಟೊ ಕಾಣುವುದಿಲ್ಲ.

ವಿಮಲಮ್ಮನ ದುಡ್ಡು ಉಳಿದಿದೆ. ಆದರೆ ಅವರ ಮುಖದಲ್ಲಿ ಗೆಲುವಿಲ್ಲ. "ಮನೆ ಇಲ್ದೆ ಹೆಣ್ಣುಮಗಳನ್ನ ಹೆಂಗಮ್ಮಾ ಕಳಿಸ್ಲಿ?"

"ಮೊದಲಿನ ವಾರ ಕಾಲೇಜಿನ ಹಾಸ್ಟೆಲ್‌ನಾಗ ದಿನದ ಬಾಡಿಗೀಗೆ ಇರಲಿ. ತುಟ್ಟಿ ಆಗತೈತಿ, ಆಗ್ಲಿ. ತಾನ ಅಡ್ಡಾಡಿ, ಒಳಗ ಹೋಗಿ ನೋಡಿ, ಬಾಜೂದವ್ರನ್ನ ಕೇಳಿ ರೊಕ್ಕಾ ಕೊಡ್ಲಿ. ಫಕೀರೇಶ ಸಂಗಾಟ ಹೋಗ್ತಾನ. ಏನಲೇ, ಹೋಗ್ತೀಯಿಲ್ಲೋ?"

"ಪ್ರತಿ ರವಿವಾರ ಸೂಟಿ ಐತ್ರಿ ಕಾಕೂ" ಎನ್ನುತ್ತಾನೆ ಫಕೀರೇಶ, ಬಸ್ ನಿಲ್ದಾಣದತ್ತ ನಡೆಯುತ್ತಾ.

ತಾಯಿ ಮಗಳ ಮುಂದೆ ಎರಡು ತಟ್ಟೆ ಬರುತ್ತವೆ. ರೊಟ್ಟಿ ಮುರಿಯಲು ತಿಣುಕುವ ರಮ್ಯಶ್ರೀಯನ್ನು ಕಲಾವತಿ ಸ್ವಲ್ಪ ಹೊತ್ತು ನೋಡುತ್ತಾರೆ.

"ಹ್ಯಾಮಿಲ್ಟನ್‌ನಾಗ ನಮ್ಮವ್ರು ಯಾರೂ ಇದ್ದಿದ್ದಿಲ್ರಿ" ಎನ್ನುತ್ತಾರೆ. "ಇನ್ನ ಈಕಿ ಇರ್ತಾಳ."