ತೂಗಿದ್ದಲ್ಲ, ಜೀಕಿದ್ದು

ಸೊಸೆಯ ಬಾಣಂತನಕ್ಕೆಂದು ನಾನು ಅಮೆರಿಕದ ಸನ್ನಿವೇಲ್‌ಗೆ ಹೋದದ್ದು ಎಂಬತ್ತರ ದಶಕದ ನಡುವಿನಲ್ಲಿ. ಮೂರು ತಿಂಗಳಿದ್ದು ಬರಬೇಕಾದವಳು, ಸೊಸೆ ಮತ್ತೆ ಕೆಲಸಕ್ಕೆ ಸೇರಿದ್ದರಿಂದ ಮಗು ನೋಡಿಕೊಳ್ಳಲು ಅಲ್ಲೇ ಉಳಿದೆ. ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಇಬ್ಬರೂ ಆಫೀಸಿಗೆ ಹೊರಟರೆ ಆ ಅಪಾರ್ಟ್‌ಮೆಂಟಿನಲ್ಲಿ ನಾನು, ಮೊಮ್ಮಗಳು, ಇಷ್ಟೇ. ನಾನು ಓದಿದ್ದು ಮೂರನೇ ಕ್ಲಾಸು. ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಎತ್ತಿ ಏನು ಹೇಳಲಿ?

ಎದುರು ಬಾಗಿಲಿನಲ್ಲಿ ಸರ್ಬಿಯಾದ ಮುದುಕಿಯೊಬ್ಬಳಿದ್ದಳು. ನನ್ನ ಹಾಗೇ ಗಂಡ ಸತ್ತವಳು, ಮಗಳ ಮನೆಗೆ ಬಂದು ಕೂತವಳು. ಅಜ್ಜಿಗೆ ಅವರಲ್ಲಿ ಬಾಬಾ ಅನ್ನುತ್ತಾರಂತೆ. ನನ್ನನ್ನೂ ಹಾಗೇ ಕರೆಯುತ್ತಿದ್ದಳು. ನಮ್ಮಲ್ಲಿ ಗಡ್ಡ ಬಿಟ್ಟವರಿಗೆ ಹಾಗನ್ನುತ್ತಾರೆ ಎಂದು ಅವಳಿಗೆ ತಿಳಿಸುವಷ್ಟು ಇಂಗ್ಲಿಷು ನನಗಿರಲಿಲ್ಲ.

ಅವಳು ವಾರಕ್ಕೆರಡು ದಿನ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅವಳ ಭಾಷೆ, ಬಲಕ್ಕೆ ಇಂಗ್ಲಿಷು. ಅದರಾಚೆ ಉಳಿದ ಜಾಗದಲ್ಲಿ ನಾನು ಕನ್ನಡ ಬರೆದುಕೊಳ್ಳುತ್ತಿದ್ದೆ. ಒಂದು ವಾರವೆಲ್ಲ ಬರೀ ಅಲ್ಲಾಡುವ ಮಾತುಗಳೇ. ಪರ್ಸನ್ನು ಬೆರಳಿಗೆ ಸಿಕ್ಕಿಸಿ ಅಲ್ಲಾಡಿಸಿ ಡ್ಯಾಂಗಲ್ ಎಂದಳು. ನಾನು ನೇತಾಡು ಎಂದು ಬರೆದೆ. ಕಿಟಕಿಯಾಚೆಯ ನೀಲಗಿರಿ ಮರ ತೋರಿಸಿ ಸ್ವೇ ಎಂದಳು. ತೊನೆದಾಡು. ಆಮೇಲೆ ಎದ್ದು, ಕುಡಿದವನು ಮನೆಗೆ ಬರುವ ಹಾಗೆ ಸೋಫಾದಿಂದ ಬಾಗಿಲ ತನಕ ತೂರಾಡಿಕೊಂಡು ನಡೆದಳು. ಯಾರು ಹಾಗೆ ಬರುತ್ತಿದ್ದದ್ದು ಎಂದು ಕೈಸನ್ನೆ ಮಾಡಿದೆ. ಉಂಗುರದ ಬೆರಳು ತೋರಿಸಿ, ಮೇಲೆ ಆಕಾಶ ತೋರಿಸಿದಳು. ನಾನೂ ಆಕಾಶ ತೋರಿಸಿದೆ. ನಮ್ಮವರು ಕುಡಿಯುತ್ತಿರಲಿಲ್ಲ, ಆದರೂ ಹೋದರು.

ತೊಟ್ಟಿಲು ತೂಗುವುದಕ್ಕೂ ಉಯ್ಯಾಲೆ ಜೀಕುವುದಕ್ಕೂ ಅವಳಲ್ಲಿ ಒಂದೇ ಮಾತು, ಲ್ಯುಲ್ಯಾತಿ. ಅದರ ಎದುರಿಗೆ ಇಂಗ್ಲಿಷಿನಲ್ಲಿ ಎರಡು ಬರೆದಿತ್ತು, ರಾಕ್, ಸ್ವಿಂಗ್. ನಾನೂ ಎರಡು ಬರೆದೆ, ತೂಗು, ಜೀಕು.

"ಅತ್ತೆ, ನಿಮ್ಮಿಬ್ರ ಇಂಗ್ಲಿಷ್ ಕೇಳಿದ್ರೆ ಇಲ್ಲಿನೋರು ಊರು ಬಿಟ್ಟು ಹೋಗ್ತಾರೆ" ಎಂದು ಸೊಸೆ ನಗುತ್ತಿದ್ದಳು. ಆಗಿನ್ನೂ ನನ್ನ ಜೊತೆ ನಗುತ್ತಿದ್ದಳು.

ಮಗು ಮರದ ಕಟಕಟೆಯಂಥ ಆ ಮಂಚದಲ್ಲಿ ಮಲಗುತ್ತಿರಲಿಲ್ಲ. ಹಾಲ್‌ನ ಸೂರಿನಲ್ಲಿ ಒಂದು ಕೊಕ್ಕೆ ಇತ್ತು. ನಮಗಿಂತ ಮುಂಚೆ ಇದ್ದವರು ಹೂವಿನ ಕುಂಡ ನೇತುಹಾಕಿದ್ದರಂತೆ. ಅದಕ್ಕೆ ನನ್ನ ಹಳೇ ನೂಲಿನ ಸೀರೆಯಿಂದ ಜೋಲಿ ಕಟ್ಟಿದೆ. ಮಗ ನೋಡಿ, ಅದು ಗಟ್ಟಿ ಇದೆಯಾ ಎಂದು ಕೇಳಿದ. ನಿನ್ನನ್ನ ತೂಗಿದ್ದೂ ಇಂಥದ್ದರಲ್ಲೇ, ಬಿದ್ದೆಯಾ ಎಂದು ಅವನ ಬಾಯಿ ಮುಚ್ಚಿಸಿದೆ. ನಮ್ಮ ಮನೆಯಲ್ಲಿ ಕೊಕ್ಕೆ ಇದ್ದದ್ದು ತೇಗದ ತೊಲೆಗೆ. ಕೊಕ್ಕೆ ಇದ್ದ ಮೇಲೆ ಅದರ ಹಿಂದೆ ತೊಲೆ ಇದ್ದೇ ಇರುತ್ತದೆ ಎಂದುಕೊಂಡವಳು ನಾನು. ಅಲ್ಲಿ ಸೂರೆಂದರೆ ಸೀಮೆಸುಣ್ಣದಂಥ ಪುಡಿಯನ್ನು ಎರಡು ಕಾಗದದ ನಡುವೆ ಒತ್ತಿ ಮಾಡಿದ ಹಲಗೆ.

ಸರ್ಬಿಯಾದವಳಿಗೆ ಜೋಲಿ ಬಹಳ ಹಿಡಿಸಿತು. ಒಮ್ಮೆ ಮಗು ಒಳಗಿಲ್ಲದಾಗ ನಾನು ಸುಮ್ಮನೆ ಜೋಲಿಗೆ ಕೈ ತಾಗಿಸಿದ್ದಕ್ಕೆ ನನ್ನ ಕೈಮೇಲೆ ಹೊಡೆದಳು. ಬರಿದಾದ ತೊಟ್ಟಿಲು ತೂಗಬಾರದು ಎನ್ನುವುದು ಅವಳ ಹಳ್ಳಿಯಲ್ಲೂ ಇತ್ತು. ಅಷ್ಟು ದೂರದ ದೇಶದಲ್ಲೂ ಮಕ್ಕಳು ಸತ್ತಿರಬೇಕು, ಇಲ್ಲದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ.

ಮಗುವಿಗೆ ಎಂಟು ತಿಂಗಳು. ಹಲ್ಲು ಬರುವ ಕಾಲ. ಅವತ್ತು ಬೆಳಗಿನಿಂದ ಅತ್ತಿತ್ತು. ಮಧ್ಯಾಹ್ನಕ್ಕೆ ನನ್ನ ತಾಳ್ಮೆ ಮುಗಿಯಿತು. ಜೋಲಿಗೆ ಹಾಕಿ ತೂಗಿದೆ, ಸುಮ್ಮನಾಗಲಿಲ್ಲ. ಜೋರು ಮಾಡಿದೆ. ಇನ್ನೂ ಜೋರು. ಎದುರಿಗೆ ಕೂತಿದ್ದ ಸರ್ಬಿಯಾದ ಗೆಳತಿ ಏನೋ ಎಂದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಕ್ಕೆ ಕಿತ್ತುಕೊಂಡು ಬಂತು. ಬಿಳೀ ಪುಡಿಯೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಜೋಲಿ ಮೇಲಕ್ಕೆ ಹೋಗಿದ್ದಾಗ ಕಿತ್ತುಬಂದದ್ದರಿಂದ ಮಗು ಎಸೆದ ಹಾಗೆ ದೂರಕ್ಕೆ ಹೋಗಿ ಬಿತ್ತು. ಆಂಬುಲೆನ್ಸಿಗೆ ಫೋನು ಮಾಡಿದವಳು ಅವಳೇ. ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೆ, ಅಷ್ಟೇ.

ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ಕೂಡುತ್ತದೆ ಎಂದು ಆಸ್ಪತ್ರೆಯಲ್ಲಿ ಅಂದರು. ಆದರೆ ಎಳೇ ಮಗುವಿನ ಮೂಳೆ ಮುರಿದರೆ ಅಲ್ಲಿ ಡಾಕ್ಟರರ ಕೈಯಲ್ಲಿ ಮುಗಿಯುವುದಿಲ್ಲ. ಮಕ್ಕಳ ಯೋಗಕ್ಷೇಮ ವಿಚಾರಿಸುವ ಹೆಂಗಸೊಬ್ಬಳು ಬಂದಳು. ಮನೆಯಲ್ಲಿ ಮಗುವನ್ನು ಯಾರಾದರೂ ಹೊಡೆಯುತ್ತಾರಾ ಎಂದು ಮಗನನ್ನೂ ಸೊಸೆಯನ್ನೂ ಬೇರೆ ಬೇರೆ ಕೂಡಿಸಿ ಕೇಳಿದಳಂತೆ. ಅವಳಿಗೆ ಅನುಮಾನ ಬಂದರೆ ಮಗುವನ್ನು ಅಪ್ಪ ಅಮ್ಮನ ಕೈಯಿಂದ ತೆಗೆದುಕೊಂಡು ಹೋಗಬಹುದು ಎಂದು ಮಗ ಬಾಗಿಲಲ್ಲಿ ನಿಂತು ನನಗೆ ಹೇಳಿದ.

ಆಮೇಲೆ ನನ್ನ ಸರದಿ. ನನ್ನ ಮಾತನ್ನು ಮನೆಯವರು ಇಂಗ್ಲಿಷಿನಲ್ಲಿ ಹೇಳುವಂತಿಲ್ಲವಂತೆ. ಕನ್ನಡ ಬಲ್ಲವರು ಬೇರೆ ಸಿಗಲಿಲ್ಲ. ಕಣ್ಣಾರೆ ಕಂಡವಳು ಎಂದು ಗೆಳತಿಯನ್ನು ನನ್ನ ಪಕ್ಕ ಕೂಡಿಸಿದರು. ಮಗುವನ್ನು ಏನು ಮಾಡುತ್ತಿದ್ದಿರಿ ಎಂದು ಆ ಹೆಂಗಸು ಕೈ ಆಡಿಸುತ್ತ ಕೇಳಿದಳು. ಗೆಳತಿ ಪರ್ಸಿನಿಂದ ನೋಟ್‌ಬುಕ್ಕು ತೆಗೆದು, ಲ್ಯುಲ್ಯಾತಿ ಎಂದಿದ್ದಲ್ಲಿ ಬೆರಳಿಟ್ಟು, "ಬಾಬಾ ರಾಕ್. ಸ್ಲೋ, ಸ್ಲೋ" ಎಂದಳು. ಬೆಕ್ಕಿನ ಬೆನ್ನು ಸವರುವ ಹಾಗೆ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದಳು. ನನ್ನ ಕಡೆ ತಿರುಗಿ ನೋಡಿದಳು. ಸುಮ್ಮನಿರು ಎಂದು ಹೇಳಲು ಯಾವ ಭಾಷೆಯೂ ಬೇಕಿಲ್ಲ.

ನಾನು ಅವಳ ಕೈ ಹಿಡಿದು ಕೆಳಗಿಳಿಸಿದೆ. "ನೋ. ಸ್ವಿಂಗ್" ಎಂದೆ. ಎದ್ದು ನಿಂತು, ಎರಡೂ ಕೈಯಲ್ಲಿ ಎಳೆದು, ಜೋಲಿ ನನ್ನ ಭುಜಕ್ಕಿಂತ ಮೇಲೆ ಎಲ್ಲಿಯವರೆಗೆ ಹೋಗುತ್ತಿತ್ತು ಎಂದು ತೋರಿಸಿದೆ. ಮೂರು ಸಲ ತೋರಿಸಿದೆ. ನನ್ನ ತಲೆಯಲ್ಲಿ ಆ ಬಿಳೀ ಪುಡಿ ಇನ್ನೂ ಇತ್ತು. ಆ ಹೆಂಗಸು ಅದನ್ನೂ ನೋಡಿ ಬರೆದುಕೊಂಡಳು.

ಇದನ್ನು ದೊಡ್ಡ ಸತ್ಯವಂತಿಕೆ ಎಂದು ಯಾರೂ ತಿಳಿಯಬೇಡಿ. ಮೆಲ್ಲಗೆ ತೂಗಿದ ಜೋಲಿಯಿಂದ ಮಗು ಅಷ್ಟು ದೂರ ಹೋಗಿ ಬೀಳುವುದಿಲ್ಲ. ಅದು ಆ ಹೆಂಗಸಿಗೂ ಗೊತ್ತು. ಸುಳ್ಳು ಎನಿಸಿದರೆ ಮತ್ತೆ ಕೂಡಿಸಿ ಕೇಳುವುದು ಹೆತ್ತವರನ್ನೇ.

ಮರುದಿನ ಮನೆಗೆ ಬಂದು ಸೂರಿನ ತೂತು ನೋಡಿಕೊಂಡು ಹೋದರು. ಮಗುವನ್ನು ಅಪ್ಪ ಅಮ್ಮನ ಹತ್ತಿರವೇ ಬಿಟ್ಟರು. ನನ್ನೊಬ್ಬಳ ಕೈಗೆ ಕೊಟ್ಟು ಹೋಗಬಾರದು ಎಂದರು.

ಅವತ್ತು ಸಂಜೆ ಸೊಸೆ ಮಗುವಿಗೆ ಉಣ್ಣಿಸುತ್ತ ನನ್ನ ಮುಖ ನೋಡದೆ ಕೇಳಿದಳು: "ಅತ್ತೆ, ನಿಜವಾಗ್ಲೂ ಅಷ್ಟು ಜೋರಾಗಿ ಜೀಕಿದ್ರಾ?"

"ಹೂಂ."

"ನಮ್ಮನ್ನ ಉಳಿಸೋಕೆ ಹೇಳಿದ್ರೇನೋ ಅಂದ್ಕೊಂಡಿದ್ದೆ."

ಅದಕ್ಕೂ ಹೂಂ ಎನ್ನಬಹುದಿತ್ತು. ಎನ್ನಲಿಲ್ಲ. ಅವಳು ಮಗುವಿನ ಬಾಯಿ ಒರೆಸಿ, ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಹದಿನೈದು ದಿನಕ್ಕೆ ನನ್ನ ಟಿಕೆಟ್ಟು ಆಯಿತು. ಹೊರಡುವ ಮುಂಚೆ, ಮಗುವನ್ನು ಡೇಕೇರಿಗೆ ಬಿಡುವ ಮೊದಲ ದಿನ ನಾನೂ ಜೊತೆಗೆ ಹೋದೆ. ಅಲ್ಲಿ ಕೀಲಿ ತಿರುಗಿಸಿದರೆ ತಾನೇ ಆಡುವ ಉಯ್ಯಾಲೆ ಇತ್ತು, ನಾಲ್ಕು ಕಾಲಿನದು. ಮಗುವನ್ನು ಅದರಲ್ಲಿ ಕೂಡಿಸಿ ಬೆಲ್ಟು ಹಾಕಿದರು. ಅದು ಟಿಕ್ ಟಿಕ್ ಎನ್ನುತ್ತ ಆಡಿತು, ನಿಧಾನವಾಯಿತು, ನಿಂತಿತು. ಮಗು ನನ್ನನ್ನು ನೋಡಿ ಅಳಲು ಶುರುಮಾಡಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಸೊಸೆ ನನ್ನ ರಟ್ಟೆ ಹಿಡಿದಳು.

"ಬೇಡ ಅತ್ತೆ. ಅವರು ನೋಡ್ಕೋತಾರೆ."

ಅಲ್ಲಿನವಳು ಕೈ ಒರೆಸಿಕೊಂಡು ಬಂದು ಕೀಲಿ ಕೊಟ್ಟಳು. ಮಗು ಸುಮ್ಮನಾಯಿತು. ನಾನು ಹೋಗಿ ಕಾರಿನಲ್ಲಿ ಕೂತೆ.